ಒಂದು ಎಲೆ ಹಿಡಿದು ಜೀವಗೋಳದವರೆಗೆ: ಜೀವಸಂಘಟನೆಯ ಹಂತಗಳನ್ನು ಕಣ್ಣಾರೆ ಗುರುತಿಸುವ ಕ್ರಮ

ರಕ್ತ ಯಾವ ಹಂತಕ್ಕೆ ಸೇರುತ್ತದೆ? ಕೋಶವೋ, ಅಂಗಾಂಶವೋ, ಅಂಗವೋ? ಪರಮಾಣು, ಅಣು, ಕೋಶ, ಅಂಗಾಂಶ, ಅಂಗ ಎಂದು ಮಗ್ಗಿಯಂತೆ ಒಪ್ಪಿಸುವವರೂ ಈ ಪ್ರಶ್ನೆಗೆ ತಡವರಿಸುತ್ತಾರೆ. ಹರಿಯುವ ದ್ರವವಾದ್ದರಿಂದ ಅಣುಗಳ ಮಿಶ್ರಣವಿರಬೇಕು ಎಂದು ಕೆಲವರು, ಮೈಯೆಲ್ಲ ಸುತ್ತುವುದರಿಂದ ಅಂಗವ್ಯೂಹವೇ ಇರಬೇಕು ಎಂದು ಕೆಲವರು ಊಹಿಸುತ್ತಾರೆ. ಸರಿಯುತ್ತರ ಅಂಗಾಂಶ. ಕೆಂಪುಕಣ, ಬಿಳಿಕಣ, ಕಿರುತಟ್ಟೆಗಳು ಪ್ಲಾಸ್ಮಾ ಎಂಬ ದ್ರವದಲ್ಲಿ ಸೇರಿ ಒಟ್ಟಾಗಿ ದುಡಿಯುವ ಸಂಯೋಜಕ ಅಂಗಾಂಶ ಅದು.

ಪಟ್ಟಿ ಬಾಯಿಪಾಠವಾದರೂ ಗುರುತು ಹಿಡಿಯಲು ಬಾರದಿರುವುದಕ್ಕೆ ಮುಖ್ಯ ಕಾರಣ, ಹಂತಗಳನ್ನು ಗಾತ್ರದ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುವುದು. ಗಾತ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಪ್ಯಾರಮೀಸಿಯಂ ಒಂದೇ ಕೋಶದ ಜೀವಿ, ಉದ್ದ ಸುಮಾರು 0.2ರಿಂದ 0.3 ಮಿಲಿಮೀಟರ್. ಫೇರಿಫ್ಲೈ ಎಂಬ ಕಿರುಕಣಜಗಳ ಒಂದು ಪ್ರಭೇದದಲ್ಲಿ ಗಂಡಿನ ಉದ್ದ ಸುಮಾರು 0.14 ಮಿಲಿಮೀಟರ್ ಮಾತ್ರ. ಪ್ಯಾರಮೀಸಿಯಂಗಿಂತ ಚಿಕ್ಕದಾದ ಆ ಕೀಟದ ಮೈಯಲ್ಲಿ ನರ, ಸ್ನಾಯು, ಕಾಲು ಎಲ್ಲವೂ ಇವೆ. ಒಂದು ಹಂತವನ್ನು ಗುರುತಿಸಲು ಕೇಳಬೇಕಾದ ಪ್ರಶ್ನೆ ಒಂದೇ: ಬಿಡಿಭಾಗಗಳಿಗೆ ಆಗದ ಯಾವ ಕೆಲಸ ಈ ಜೋಡಣೆಗೆ ಆಗುತ್ತದೆ? ಮುಂದಿನ ಪ್ರಯೋಗಗಳೆಲ್ಲ ಈ ಪ್ರಶ್ನೆಯನ್ನು ಒಂದೇ ಗಿಡದ ಮೇಲೆ ಮತ್ತೆ ಮತ್ತೆ ಕೇಳುವ ಬಗೆಗಳು.

ಮೊದಲು ಹೆಸರುಗಳು. ಪರಮಾಣು, ಅಣು, ಕಣದಂಗ (ಕೋಶದೊಳಗೆ ಒಂದೊಂದು ಕೆಲಸ ಮಾಡುವ ಪುಟ್ಟ ಭಾಗ), ಕೋಶ, ಅಂಗಾಂಶ, ಅಂಗ, ಅಂಗವ್ಯೂಹ, ಜೀವಿ. ಇಷ್ಟು ಒಂದು ಮೈಯೊಳಗಿನವು. ಅದರಾಚೆಗೆ ಒಂದೇ ಪ್ರಭೇದದ ಜೀವಿಗಳು ಸೇರಿದ ಜೀವಿಸಂದಣಿ, ಹಲವು ಪ್ರಭೇದಗಳ ಜೀವಿಸಮುದಾಯ, ಅದಕ್ಕೆ ಮಣ್ಣು ನೀರು ಬೆಳಕು ಕೂಡಿದ ಪರಿಸರ ವ್ಯವಸ್ಥೆ, ಕೊನೆಗೆ ಜೀವಗೋಳ. ಕೆಲವು ಪುಸ್ತಕಗಳು ಪರಮಾಣುವನ್ನು ಬಿಟ್ಟು ಅಣುವಿನಿಂದ ಆರಂಭಿಸುತ್ತವೆ, ಕೆಲವು ಕೋಶದಿಂದಲೇ ಎಣಿಸುತ್ತವೆ. ಹಾಗಾಗಿ ಹಂತಗಳು ಒಟ್ಟು ಎಷ್ಟು ಎಂಬ ಸಂಖ್ಯೆಗೆ ತಲೆ ಕೆಡಿಸಿಕೊಳ್ಳಬೇಡಿ. ಕ್ರಮ ತಪ್ಪದಿದ್ದರೆ ಸಾಕು.

ಬೇಕಾಗುವ ಸಾಮಗ್ರಿ

ಗಿಡವಾಗಿ ರಿಯೋ ಆರಿಸಿಕೊಳ್ಳಿ. ಕತ್ತಿಯಾಕಾರದ ಎಲೆ, ಮೇಲ್ಭಾಗ ಹಸಿರು, ತಳಭಾಗ ಗಾಢ ನೇರಳೆ. ಕುಂಡಗಳಲ್ಲಿ ಅಲಂಕಾರಕ್ಕೆ ಬೆಳೆಸುವ ಗಿಡ. ಸಾಮಾನ್ಯವಾಗಿ ಎಲ್ಲರೂ ಈರುಳ್ಳಿ ಪೊರೆಯಿಂದ ಆರಂಭಿಸುತ್ತಾರೆ. ಅದೂ ಒಳ್ಳೆಯದೇ. ಆದರೆ ಈರುಳ್ಳಿಯ ತಿರುಳುಪದರ ಮಣ್ಣೊಳಗೆ ಬೆಳೆದದ್ದು, ಅದರಲ್ಲಿ ಆಹಾರ ತಯಾರಿಸುವ ಹಸಿರು ಕಣದಂಗಗಳಾದ ಹರಿದ್ರೇಣುಗಳಿಲ್ಲ, ಬಿಳಿ ಈರುಳ್ಳಿಯಾದರೆ ಬಣ್ಣವೂ ಇಲ್ಲ. ರಿಯೋ ಎಲೆಯಲ್ಲಿ ಪ್ರಕೃತಿಯೇ ಬಣ್ಣ ತುಂಬಿಟ್ಟಿದೆ. ಆ ಬಣ್ಣವೇ ಮುಂದೆ ಕೋಶ ಬದುಕಿದೆಯೋ ಸತ್ತಿದೆಯೋ ಎಂದು ಹೇಳುವ ಸಾಕ್ಷಿಯಾಗುತ್ತದೆ. ರಿಯೋ ಸಿಗದಿದ್ದರೆ ಕೆಂಪು ಈರುಳ್ಳಿಯ ಹೊರಮೈ ಪೊರೆ ತೆಗೆದುಕೊಳ್ಳಿ.

ಉಳಿದಂತೆ: 4, 10, 40 ಪಟ್ಟಿನ ವಸ್ತುಕ ಮಸೂರಗಳೂ 10 ಪಟ್ಟಿನ ನೇತ್ರಕವೂ ಇರುವ ಸೂಕ್ಷ್ಮದರ್ಶಕ, ಗಾಜಿನ ಸ್ಲೈಡು, ಕವರ್‌ಸ್ಲಿಪ್, ಚಿಮುಟ, ಸೂಜಿ, ಡ್ರಾಪರ್, ಹೊಸ ಬ್ಲೇಡು, ಮೆತ್ತನೆಯ ಕುಂಚ, ಹೀರುಕಾಗದ, ತಿಳಿ ಕಂದುಬಣ್ಣಕ್ಕೆ ತೆಳುಮಾಡಿದ ಅಯೋಡಿನ್ ದ್ರಾವಣ, ಶೇ 1ರ ಸ್ಯಾಫ್ರಾನಿನ್ ಎಂಬ ಕೆಂಪು ಬಣ್ಣದ ದ್ರಾವಣ, ಗ್ಲಿಸರಿನ್, ಅಡುಗೆ ಉಪ್ಪು. 5 ಗ್ರಾಂ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ಒಟ್ಟು 100 ಮಿಲಿಲೀಟರ್ ಆಗುವಷ್ಟು ನೀರು ತುಂಬಿಸಿ. ಇದು ಶೇ 5ರ ದ್ರಾವಣ. ರಿಯೋ ಎಲೆಯ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಕಣ್ಣು ಮುಟ್ಟಿಕೊಳ್ಳುವ ಮೊದಲು ಕೈ ತೊಳೆಯಿರಿ.

ಕಣ್ಣಿಗೆ ಕಾಣದ ಮೊದಲ ಎರಡು ಮೆಟ್ಟಿಲು

ಪರಮಾಣು, ಅಣುಗಳನ್ನು ಈ ಸೂಕ್ಷ್ಮದರ್ಶಕದಲ್ಲಿ ನೋಡಲಾಗದು. ಬೆಳಕಿನ ಸೂಕ್ಷ್ಮದರ್ಶಕ ಬಿಡಿಸಿ ತೋರಿಸಬಲ್ಲ ಅತಿ ಚಿಕ್ಕ ಅಂತರ ಸುಮಾರು 0.2 ಮೈಕ್ರೋಮೀಟರ್, ಅಂದರೆ 200 ನ್ಯಾನೋಮೀಟರ್. ಡಿಎನ್‌ಎ ಎಳೆಯ ಅಗಲ 2 ನ್ಯಾನೋಮೀಟರ್. ಮಸೂರದ ಪಟ್ಟು ಹೆಚ್ಚಿಸಿದರೆ ಮಸುಕು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ ಅಷ್ಟೆ. ನೆನಪಿಡಬೇಕಾದ್ದು ಇಷ್ಟು: ಜೀವಿಯ ತೂಕದಲ್ಲಿ ಬಹುಪಾಲು ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ ಎಂಬ ನಾಲ್ಕೇ ಧಾತುಗಳದ್ದು. ಇವೇ ಧಾತುಗಳು ಗಾಳಿಯಲ್ಲೂ ನೀರಿನಲ್ಲೂ ಇವೆ. ಜೀವಕ್ಕೆಂದೇ ಮೀಸಲಾದ ವಿಶೇಷ ಪರಮಾಣು ಯಾವುದೂ ಇಲ್ಲ.

ಕೋಶ: ಪೊರೆ ಸುಲಿಯುವುದರಿಂದ ಸ್ಲೈಡಿನವರೆಗೆ

ಬಲಿತ, ಬಾಡದ ಎಲೆಯೊಂದನ್ನು ತೆಗೆದುಕೊಳ್ಳಿ. ನೇರಳೆ ಭಾಗ ನಿಮ್ಮ ಕಡೆಗಿರುವಂತೆ ಹಿಡಿದು, ಎಲೆಯನ್ನು ಓರೆಯಾಗಿ ಹರಿಯಿರಿ. ನೇರಕ್ಕೆ ಮುರಿದರೆ ಪೊರೆ ಏಳುವುದಿಲ್ಲ. ಓರೆಯಾಗಿ, ನಿಧಾನವಾಗಿ ಎಳೆದಾಗ ಹರಿದ ಅಂಚಿನಲ್ಲಿ ಹಸಿರು ತಿರುಳಿಲ್ಲದ, ತೆಳು ನೇರಳೆ ಪಟ್ಟಿಯೊಂದು ಹೊರಚಾಚುತ್ತದೆ. ನಿಮಗೆ ಬೇಕಾದದ್ದು ಅದೇ. ಅದರಿಂದ 5 ಮಿಲಿಮೀಟರ್ ಚೌಕದಷ್ಟು ತುಂಡನ್ನು ಬ್ಲೇಡಿನಿಂದ ಕತ್ತರಿಸಿ, ಒಣಗಲು ಬಿಡದೆ ನೀರಿಗೆ ಹಾಕಿ. ಹಸಿರು ಅಂಟಿಕೊಂಡ ತುಂಡು ಬೇಡ. ಒಂದರ ಮೇಲೊಂದು ಕೋಶಗಳ ಪದರವಿದ್ದರೆ ಎಷ್ಟು ತಿರುಪಿದರೂ ಚಿತ್ರ ಸ್ಪಷ್ಟವಾಗದು.

ಸ್ಲೈಡಿನ ನಡುವೆ ಒಂದು ಹನಿ ನೀರು ಬಿಡಿ. ಪೊರೆಯನ್ನು ಅದರ ಮೇಲೆ ಹರಡಿ, ಮಡಿಕೆಗಳಿದ್ದರೆ ಸೂಜಿಯಿಂದ ಬಿಡಿಸಿ. ಕವರ್‌ಸ್ಲಿಪ್‌ನ ಒಂದು ಅಂಚನ್ನು ಹನಿಯ ಬದಿಗೆ ತಾಗಿಸಿ, ಸುಮಾರು 45 ಡಿಗ್ರಿ ಓರೆಯಲ್ಲಿ ಹಿಡಿದು, ಸೂಜಿಯ ಆಸರೆಯಲ್ಲಿ ಮೆಲ್ಲಗೆ ಇಳಿಸಿ. ಧೊಪ್ಪೆಂದು ಬಿಟ್ಟರೆ ಗಾಳಿಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಹೆಚ್ಚಾದ ನೀರನ್ನು ಹೀರುಕಾಗದದ ಅಂಚಿನಿಂದ ಎಳೆಯಿರಿ. ಮೇಲಿನಿಂದ ಒತ್ತಬೇಡಿ, ಕೋಶಗಳು ಒಡೆಯುತ್ತವೆ.

ಗಾಳಿಗುಳ್ಳೆಯನ್ನೇ ಕೋಶವೆಂದು ಚಿತ್ರ ಬರೆಯುವುದು ಹೊಸಬರಲ್ಲಿ ಅತಿ ಸಾಮಾನ್ಯ ತಪ್ಪು. ಗುಳ್ಳೆಗೆ ದಪ್ಪ ಕಪ್ಪು ಅಂಚು, ಕೈವಾರದಲ್ಲಿ ಎಳೆದಂತಹ ದುಂಡು, ಒಳಗೆ ಏನೂ ಇಲ್ಲ. ರಿಯೋದ ಕೋಶಕ್ಕೆ ಮೂಲೆಗಳಿವೆ, ಪಕ್ಕದ ಕೋಶದೊಂದಿಗೆ ಗೋಡೆ ಹಂಚಿಕೊಂಡಿದೆ.

ಸೂಕ್ಷ್ಮದರ್ಶಕದಲ್ಲಿ ಯಾವಾಗಲೂ 4 ಪಟ್ಟಿನ ಮಸೂರದಿಂದ ಆರಂಭಿಸಿ. ದೊಡ್ಡ ತಿರುಪಿನಿಂದ ಚಿತ್ರ ಹಿಡಿದು, ನೋಡಬೇಕಾದ ಭಾಗವನ್ನು ನಟ್ಟನಡುವೆ ತಂದು, ಆಮೇಲೆ 10ಕ್ಕೆ, ಆಮೇಲೆ 40ಕ್ಕೆ ಹೋಗಿ. 40ರಲ್ಲಿ ದೊಡ್ಡ ತಿರುಪನ್ನು ಮುಟ್ಟಲೇಬಾರದು. ಮಸೂರಕ್ಕೂ ಗಾಜಿಗೂ ನಡುವೆ ಅಲ್ಲಿ ಉಳಿದಿರುವುದು ಕೂದಲೆಳೆಯಷ್ಟು ಜಾಗ. ಅರ್ಧ ಸುತ್ತು ತಿರುಗಿಸಿದರೂ ಕವರ್‌ಸ್ಲಿಪ್ ಒಡೆದು ಮಸೂರ ಗೀಚಿಹೋಗುತ್ತದೆ. ಚಿತ್ರ ತೀರಾ ಬೆಳ್ಳಗೆ, ಗೆರೆಗಳಿಲ್ಲದಂತೆ ಕಂಡರೆ ಪೊರೆಯನ್ನು ದೂಷಿಸಬೇಡಿ. ಬೆಳಕು ಹೆಚ್ಚಾಗಿದೆ. ವೇದಿಕೆಯ ಅಡಿಯಲ್ಲಿ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಯಾಫ್ರಮ್ ಅನ್ನು ಅರ್ಧ ಮುಚ್ಚಿ, ಅಂಚುಗಳು ಎದ್ದು ಕಾಣುತ್ತವೆ.

ಅಳತೆಯನ್ನೂ ಮಾಡಿಬಿಡಿ. ನೇತ್ರಕದ ಮೇಲೆ 18 ಎಂದೋ 20 ಎಂದೋ ಒಂದು ಸಂಖ್ಯೆ ಕೆತ್ತಿರುತ್ತಾರೆ. ಅದನ್ನು ವಸ್ತುಕದ ಪಟ್ಟಿನಿಂದ ಭಾಗಿಸಿದರೆ ಕಾಣುವ ವೃತ್ತದ ವ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆ. ಸಂಖ್ಯೆ 18, ಮಸೂರ 40 ಆದರೆ 0.45 ಮಿಲಿಮೀಟರ್, ಅಂದರೆ 450 ಮೈಕ್ರೋಮೀಟರ್. ವೃತ್ತದ ಆರಂಭದಿಂದ ಕೊನೆಗೆ 9 ಕೋಶಗಳು ಹಿಡಿಸಿದರೆ ಒಂದೊಂದರ ಅಗಲ ಸರಾಸರಿ 50 ಮೈಕ್ರೋಮೀಟರ್. ಹೋಲಿಕೆಗೆ, ಮನುಷ್ಯನ ಕೆಂಪು ರಕ್ತಕಣದ ವ್ಯಾಸ 7ರಿಂದ 8 ಮೈಕ್ರೋಮೀಟರ್.

ಉಪ್ಪುನೀರು: ಕೋಶ ಬದುಕಿದೆ ಎಂಬುದಕ್ಕೆ ಪುರಾವೆ

ಸಮಯ ಕಡಿಮೆಯಿದ್ದರೆ ಉಳಿದದ್ದನ್ನು ಬಿಟ್ಟಾದರೂ ಈ ಪ್ರಯೋಗ ಮಾಡಿ. ಇಡೀ ವಿಷಯದ ತಿರುಳು ಇಲ್ಲಿದೆ.

ಪೊರೆಯನ್ನು 10 ಪಟ್ಟಿನ ಮಸೂರದಲ್ಲಿ ಹಿಡಿದಿಟ್ಟುಕೊಳ್ಳಿ. ಕೋಶಗಳು ಗೋಡೆಯಿಂದ ಗೋಡೆಗೆ ನೇರಳೆ ತುಂಬಿಕೊಂಡಿವೆ. ಈಗ ಕವರ್‌ಸ್ಲಿಪ್‌ನ ಒಂದು ಅಂಚಿಗೆ ಶೇ 5ರ ಉಪ್ಪುನೀರಿನ ಎರಡು ಹನಿ ಬಿಟ್ಟು, ಎದುರಿನ ಅಂಚಿಗೆ ಹೀರುಕಾಗದ ತಾಗಿಸಿ. ಕಾಗದ ನೀರನ್ನು ಎಳೆದಂತೆ ಉಪ್ಪುನೀರು ಅಡಿಯಲ್ಲಿ ಹರಿದುಹೋಗುತ್ತದೆ. ಕಣ್ಣು ನೇತ್ರಕದಲ್ಲೇ ಇರಲಿ. ಕೆಲವೇ ನಿಮಿಷಗಳಲ್ಲಿ ನೇರಳೆ ಭಾಗ ಮೊದಲು ಮೂಲೆಗಳಲ್ಲಿ ಗೋಡೆಯನ್ನು ಬಿಡುತ್ತದೆ. ಆಮೇಲೆ ಎಲ್ಲ ಕಡೆಯಿಂದಲೂ ಒಳಸರಿದು, ಬಣ್ಣವಿಲ್ಲದ ಖಾಲಿ ಗೋಡೆಯ ನಡುವೆ ಗಾಢ ನೇರಳೆಯ ಉಂಡೆಯಾಗುತ್ತದೆ. ಗೋಡೆಯ ಆಕಾರ ಬದಲಾಗಿಲ್ಲ. ಒಳಗಿನ ಕೋಶಪೊರೆ ಸಂಕುಚಿಸಿದೆ. ನೀರು ಹೊರಬಂತು, ಬಣ್ಣ ಒಳಗೇ ಉಳಿಯಿತು. ಯಾವುದನ್ನು ಹೊರಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಆಯ್ಕೆ ನಡೆಯುತ್ತಿದೆ ಎಂದರ್ಥ.

ಕೂಡಲೇ ಅದೇ ಬಗೆಯಲ್ಲಿ ಶುದ್ಧ ನೀರು ಹರಿಸಿ. ಉಂಡೆ ಮತ್ತೆ ಉಬ್ಬಿ ಗೋಡೆ ಮುಟ್ಟುತ್ತದೆ. ಉಪ್ಪಿನಲ್ಲಿ ಬಹಳ ಹೊತ್ತು ಬಿಟ್ಟರೆ ಇದು ನಡೆಯದು, ಕೋಶಗಳು ಸತ್ತುಹೋಗಿರುತ್ತವೆ.

ಈಗ ಇನ್ನೊಂದು ತುಂಡು ಪೊರೆಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ಸ್ಲೈಡು ಮಾಡಿ. ಬಣ್ಣ ಸೋರಿಹೋಗಿದೆ, ಕೋಶಗಳು ಪೇಲವವಾಗಿವೆ. ಉಪ್ಪುನೀರು ಹಾಕಿದರೆ ಏನೂ ಆಗುವುದಿಲ್ಲ. ಗೋಡೆ ಹಾಗೆಯೇ ಇದೆ, ಅಣುಗಳಲ್ಲಿ ಬಹುಪಾಲು ಅಲ್ಲೇ ಇವೆ. ಕೆಟ್ಟದ್ದು ಜೋಡಣೆ. ಕೋಶಪೊರೆಯ ಪ್ರೋಟೀನುಗಳು ಬಿಸಿಗೆ ಆಕಾರ ಕಳೆದುಕೊಂಡವು, ಕೋಶಪೊರೆ ಆಯ್ಕೆ ಮಾಡುವ ಶಕ್ತಿ ಕಳೆದುಕೊಂಡಿತು, ಕೋಶ ಹೋಯಿತು. ಅಣುವಿನ ಹಂತಕ್ಕೂ ಕೋಶದ ಹಂತಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಯೋಗ ಶಾಲಾ ಪ್ರಯೋಗಾಲಯದಲ್ಲಿ ಇನ್ನೊಂದಿಲ್ಲ.

ಉಪ್ಪುನೀರು ಬಳಸಿದ ಮೇಲೆ ಸೂಕ್ಷ್ಮದರ್ಶಕದ ವೇದಿಕೆಯನ್ನು ಒದ್ದೆ ಬಟ್ಟೆಯಿಂದ, ಆಮೇಲೆ ಒಣಬಟ್ಟೆಯಿಂದ ಒರೆಸಿ. ಒಂದು ಹನಿ ಉಳಿದರೂ ಲೋಹಕ್ಕೆ ತುಕ್ಕು.

ಕಣದಂಗಗಳು: ಎಷ್ಟು ಕಾಣಬಹುದೋ ಅಷ್ಟು

ಹೊಸ ಪೊರೆಗೆ ನೀರಿನ ಬದಲು ಒಂದು ಹನಿ ಅಯೋಡಿನ್ ಹಾಕಿ, 2ರಿಂದ 3 ನಿಮಿಷ ಕಾದು ಕವರ್‌ಸ್ಲಿಪ್ ಮುಚ್ಚಿ. ಕೋಶಗಳಲ್ಲಿ ದುಂಡಗೆ, ಹಳದಿ ಮಿಶ್ರಿತ ಕಂದಾಗಿ ಕಾಣುವುದು ಕೋಶಕೇಂದ್ರ. ನೇರಳೆ ಅಡ್ಡಬಂದರೆ ಈರುಳ್ಳಿಯ ಒಳಪೊರೆಯಲ್ಲಿ ನೋಡಿ, ಅಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ 1831ರಲ್ಲಿ ಕೋಶಕೇಂದ್ರಕ್ಕೆ ಹೆಸರು ಕೊಟ್ಟದ್ದು ಇಂತಹದೇ ಪೊರೆಯೊಂದನ್ನು, ಆರ್ಕಿಡ್ ಎಲೆಯ ಹೊರಪದರವನ್ನು, ನೋಡುತ್ತಿದ್ದಾಗ. ಅಯೋಡಿನ್ ಗಾಢವಾಗಿದ್ದರೆ ಎಲ್ಲವೂ ಒಂದೇ ಕಂದಾಗುತ್ತದೆ. ಆಗ ಅಂಚಿನಿಂದ ನೀರು ಹರಿಸಿ ತೊಳೆಯಿರಿ.

ನೇರಳೆ ಬಣ್ಣ ತುಂಬಿರುವುದು ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ರಸ ತುಂಬಿದ ಚೀಲದಲ್ಲಿ. ಬಲಿತ ಸಸ್ಯಕೋಶದಲ್ಲಿ ಹೆಚ್ಚಿನ ಜಾಗ ಅದರದ್ದೇ, ಕೋಶದ್ರವ್ಯ ಗೋಡೆಯ ಬದಿಗೆ ಒತ್ತಿಕೊಂಡ ತೆಳು ಪದರ. ಹಸಿರು ಹರಿದ್ರೇಣುಗಳು ಎಲೆಯ ಪುಟ್ಟ ಗಾಳಿರಂಧ್ರಗಳ ಇಬ್ಬದಿಯ ಕಾವಲುಕೋಶಗಳಲ್ಲಿ ಸಿಗುತ್ತವೆ. ಅವು ಚಲಿಸುವುದನ್ನು ಕಾಣಬೇಕಾದರೆ ಹೈಡ್ರಿಲ್ಲಾ ಎಂಬ ನೀರುಗಿಡದ ಒಂದು ಎಳೆ ಎಲೆಯನ್ನು, ಸುಲಿಯದೆ, ಇಡಿಯಾಗಿ ಸ್ಲೈಡಿಗೆ ಹಾಕಿ. ಆ ಎಲೆಯ ದಪ್ಪ ಎರಡೇ ಕೋಶ. ಗಿಡವನ್ನು 15ರಿಂದ 20 ನಿಮಿಷ ಬೆಳಕಿನಲ್ಲಿಟ್ಟು, ನಡುನರದ ಬಳಿಯ ಕೋಶಗಳನ್ನು ತಾಳ್ಮೆಯಿಂದ ನೋಡಿದರೆ ಹಸಿರು ಮಣಿಗಳು ಗೋಡೆಯ ಗುಂಟ ಸಾಲಾಗಿ ಸುತ್ತುವುದು ಕಾಣುತ್ತದೆ.

ಮೈಟೋಕಾಂಡ್ರಿಯಾ, ರೈಬೋಸೋಮು ಎಂಬ ಇನ್ನೂ ಚಿಕ್ಕ ಕೋಶಭಾಗಗಳನ್ನು ಈ ಸ್ಲೈಡಿನಲ್ಲಿ ಕಂಡೆವೆಂದು ಚಿತ್ರದಲ್ಲಿ ಸೇರಿಸಬೇಡಿ. ರೈಬೋಸೋಮು 20ರಿಂದ 30 ನ್ಯಾನೋಮೀಟರಿನದು, ಕಾಣಲು ಸಾಧ್ಯವೇ ಇಲ್ಲ. ಪುಸ್ತಕದ ಚಿತ್ರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತಿಳಿದದ್ದನ್ನು ಕೂಡಿಸಿ ಬರೆದದ್ದು. ಕಂಡದ್ದನ್ನು ಮಾತ್ರ ಬರೆಯುವ ಶಿಸ್ತು ಇಲ್ಲಿಂದಲೇ ಬೆಳೆಯಬೇಕು.

ಅಂಗಾಂಶ

ಅದೇ ನೇರಳೆ ಪೊರೆಗೆ ಮರಳಿ. ಒಂದೊಂದೇ ಕೋಶ ನೋಡುವುದನ್ನು ಬಿಟ್ಟು ಇಡೀ ಹಾಳೆಯನ್ನು ನೋಡಿ. ಮೂಲೆಗೆ ಮೂಲೆ ಹೊಂದಿಕೊಂಡ ಕೋಶಗಳ ನಡುವೆ ಸಂದಿಲ್ಲ. ಒಂದು ಕೋಶ ಎಲೆಯನ್ನು ಮುಚ್ಚಲಾರದು, ನೀರು ಆರದಂತೆ ತಡೆಯಲಾರದು, ಈ ಹಾಳೆ ತಡೆಯುತ್ತದೆ. ಹಾಗಾಗಿ ಇದು ಹೊರಪದರದ ಅಂಗಾಂಶ. ನಡುನಡುವೆ ಹಸಿರು ಚುಕ್ಕಿಗಳಂತಿರುವುವು ಪತ್ರರಂಧ್ರಗಳು: ಎರಡು ಕಾವಲುಕೋಶ, ನಡುವೆ ಸೀಳು, ಸುತ್ತ ನೇರಳೆ ಕಡಿಮೆಯಿರುವ ಕೆಲವು ನೆರೆಕೋಶಗಳು. ಉಪ್ಪುನೀರು ಹಾಕಿದ ಸ್ಲೈಡಿನಲ್ಲಿ ಈ ಸೀಳುಗಳು ಮುಚ್ಚಿಕೊಂಡಿರುತ್ತವೆ, ಏಕೆಂದರೆ ನೀರು ಕಳೆದುಕೊಂಡ ಕಾವಲುಕೋಶ ಜೋತುಬಿದ್ದು ಬಾಗಿಲು ಹಾಕುತ್ತದೆ. ಒಂದು ಕೋಶದಲ್ಲಿ ಕಂಡ ನೀರಿನ ಏರಿಳಿತ ಇಲ್ಲಿ ಇಡೀ ಎಲೆಯ ಉಸಿರಾಟದ ಬಾಗಿಲಾಗಿದೆ.

ಪಾಠದಲ್ಲಿ ಅಂಗಾಂಶವೆಂದರೆ ಒಂದೇ ಬಗೆಯ ಕೋಶಗಳ ಗುಂಪು ಎಂದು ಕಲಿಸುತ್ತಾರೆ. ಅದನ್ನು ಅಕ್ಷರಶಃ ಹಿಡಿದರೆ ಈ ಪೊರೆಯೂ ಅಂಗಾಂಶವಾಗದು, ರಕ್ತವೂ ಆಗದು. ಒಂದೇ ಕೆಲಸಕ್ಕೆ ಹೂಡಿಕೊಂಡ, ಒಂದೇ ಮೂಲದಿಂದ ಬಂದ ಕೋಶಗಳ ಗುಂಪು ಎಂದು ತಿದ್ದಿಕೊಂಡರೆ ತೊಡಕಿಲ್ಲ. ಪ್ರಾಣಿಗಳಲ್ಲಿ ಅನುಲೇಪಕ (ಹೊದಿಕೆಯಾಗುವುದು), ಸಂಯೋಜಕ (ಭಾಗಗಳನ್ನು ಬೆಸೆಯುವುದು), ಸ್ನಾಯು, ನರ ಎಂಬ ನಾಲ್ಕು ಮುಖ್ಯ ಬಗೆ. ಹೃದಯದ ಸ್ನಾಯುಕೋಶಗಳನ್ನು ಬಿಡಿಬಿಡಿಯಾಗಿ ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಪ್ರತಿಯೊಂದೂ ತನ್ನದೇ ಲಯದಲ್ಲಿ ಮಿಡಿಯುತ್ತದೆ. ಒಂದಕ್ಕೊಂದು ತಾಗಿ ಕೂಡಿಕೊಂಡ ಮೇಲೆ ಎಲ್ಲವೂ ಒಂದೇ ತಾಳಕ್ಕೆ ಬರುತ್ತವೆ. ಅಂಗಾಂಶ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಕಷ್ಟ.

ಅಂಗ: ಎಲೆಯ ಅಡ್ಡಕೊಯ್ತ

ಎಲೆಯಿಂದ 1 ಸೆಂಟಿಮೀಟರ್ ಉದ್ದ, ಅರ್ಧ ಸೆಂಟಿಮೀಟರ್ ಅಗಲದ ತುಂಡು ತೆಗೆಯಿರಿ. ಕ್ಯಾರೆಟ್ಟಿನ ತುಂಡೊಂದನ್ನು ಉದ್ದಕ್ಕೆ ಸೀಳಿ, ಎಲೆಯನ್ನು ಸೀಳಿನಲ್ಲಿ ಸಿಕ್ಕಿಸಿ, ಎರಡನ್ನೂ ಕೂಡಿಸಿ ಹಿಡಿಯಿರಿ. ಬರಿಗೈಯಲ್ಲಿ ಹಿಡಿದ ತೆಳು ಎಲೆ ಬ್ಲೇಡಿಗೆ ಬಾಗಿಬಿಡುತ್ತದೆ. ಬ್ಲೇಡನ್ನೂ ಕ್ಯಾರೆಟ್ಟನ್ನೂ ನೀರಿನಿಂದ ಒದ್ದೆ ಮಾಡಿ. ಗರಗಸದಂತೆ ಹಿಂದೆ ಮುಂದೆ ಆಡಿಸದೆ, ಒಂದೇ ಬೀಸಿನಲ್ಲಿ ಓರೆಯಾಗಿ ಎಳೆದು ಕೊಯ್ಯಿರಿ. ಹೆಬ್ಬೆರಳು ಬ್ಲೇಡಿನ ಮಟ್ಟಕ್ಕಿಂತ ಸಾಕಷ್ಟು ಕೆಳಗಿರಲಿ.

ಒಂದೆರಡು ಕೊಯ್ದು ನಿಲ್ಲಿಸಬೇಡಿ. 20ರಿಂದ 30 ಕೊಯ್ದು ನೀರಿನ ಬಟ್ಟಲಿಗೆ ಬಿಡಿ, ಅದರಲ್ಲಿ ಎರಡು ಮೂರು ಚೆನ್ನಾಗಿ ಬಂದಿರುತ್ತವೆ. ನೀರಿನಲ್ಲಿ ಬಹುತೇಕ ಕಾಣದಷ್ಟು ಪಾರದರ್ಶಕವಾಗಿರುವುದೇ ತೆಳುವಾದದ್ದು. ಪೂರ್ತಿ ಅಗಲದ ತುಂಡೇ ಬೇಕೆಂಬ ಹಟ ಬೇಡ. ಒಂದು ಮೂಲೆಯಲ್ಲಿ ಸಾಕಷ್ಟು ತೆಳುವಿರುವ ಕೊಯ್ತ, ಎಲ್ಲೆಡೆ ದಪ್ಪವಿರುವ ಇಡೀ ಕೊಯ್ತಕ್ಕಿಂತ ಮೇಲು. ಕುಂಚದಿಂದ ಎತ್ತಿ ಸ್ಯಾಫ್ರಾನಿನ್‌ನಲ್ಲಿ 2ರಿಂದ 3 ನಿಮಿಷ ಇಟ್ಟು, ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು, ನೀರು ಬೆರೆಸಿದ ಗ್ಲಿಸರಿನ್ ಹನಿಯಲ್ಲಿ ಮುಚ್ಚಿ. ಗ್ಲಿಸರಿನ್ ಇದ್ದರೆ ಕೊಯ್ತ ಬೇಗ ಒಣಗದು. ಬಣ್ಣ ಹಾಕದ ಒಂದು ಕೊಯ್ತವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ, ಹಸಿರು ಮತ್ತು ನೇರಳೆ ಅದರಲ್ಲೇ ನಿಜವಾಗಿ ಕಾಣುವುದು.

ಮೇಲಿನಿಂದ ಕೆಳಗೆ ಓದಿ. ಮೇಲೆ ಬಣ್ಣವಿಲ್ಲದ ದೊಡ್ಡ ದೊಡ್ಡ ಕೋಶಗಳು, ನೀರು ಕೂಡಿಡುವ ಅಂಗಾಂಶ. ನಡುವೆ ಆಹಾರ ತಯಾರಿಸುವ ಹಸಿರು ಅಂಗಾಂಶ. ಅದರೊಳಗೆ ಅಲ್ಲಲ್ಲಿ ಸ್ಯಾಫ್ರಾನಿನ್‌ಗೆ ಕೆಂಪೇರಿದ ಗೋಡೆಗಳಿರುವ ಚುಕ್ಕಿಗಳು, ನೀರು ಸಾಗಿಸುವ ಕ್ಸೈಲಂ. ಅದಕ್ಕೆ ಅಂಟಿಕೊಂಡೇ ಆಹಾರ ಸಾಗಿಸುವ ಫ್ಲೋಯಂ. ತಳದಲ್ಲಿ ನೀವು ಸುಲಿದಿದ್ದ ಅದೇ ನೇರಳೆ ಪದರ. ಎರಡು ಅಥವಾ ಹೆಚ್ಚು ಬಗೆಯ ಅಂಗಾಂಶಗಳು ಗೊತ್ತಾದ ಕ್ರಮದಲ್ಲಿ ಕೂಡಿ ಒಂದು ದೊಡ್ಡ ಕೆಲಸ ಮಾಡಿದರೆ ಅದು ಅಂಗ. ಹಸಿರು ಅಂಗಾಂಶಕ್ಕೆ ನೀರು ತರಲು ಕ್ಸೈಲಂ ಬೇಕು, ಗಾಳಿ ಬಿಡಲು ಪತ್ರರಂಧ್ರ ಬೇಕು. ಎಲೆ ಒಟ್ಟಾಗಿದ್ದಾಗ ಮಾತ್ರ ಆಹಾರ ತಯಾರಿಕೆ ದಿನವಿಡೀ ನಡೆಯುತ್ತದೆ.

ಅಂಗವ್ಯೂಹ, ಜೀವಿ

ಗಿಡದಲ್ಲಿ ಅಂಗವ್ಯೂಹಗಳು ಎರಡೇ: ಬೇರಿನದು, ಕಾಂಡ ಮತ್ತು ಎಲೆಗಳದು. ಮನುಷ್ಯನಲ್ಲಿ ಸಾಮಾನ್ಯವಾಗಿ 11 ಎಂದು ಎಣಿಸುತ್ತಾರೆ. ಒಂದೇ ಅಂಗ ಎರಡು ವ್ಯೂಹಗಳಲ್ಲಿ ಬರಬಹುದು ಎಂಬುದನ್ನು ಮರೆಯಬೇಡಿ. ಮೇದೋಜೀರಕ ಗ್ರಂಥಿ ಜೀರ್ಣರಸವನ್ನೂ ಕೊಡುತ್ತದೆ, ಇನ್ಸುಲಿನ್ ಎಂಬ ಹಾರ್ಮೋನನ್ನೂ ಕೊಡುತ್ತದೆ. ಎರಡರಲ್ಲೂ ಬರೆದರೆ ತಪ್ಪಲ್ಲ.

ಎಲ್ಲ ಜೀವಿಗಳೂ ಎಲ್ಲ ಮೆಟ್ಟಿಲನ್ನೂ ಹತ್ತುವುದಿಲ್ಲ. ಅಮೀಬಾದಲ್ಲಿ ಕೋಶವೇ ಜೀವಿ, ಅಂಗಾಂಶ ಅಂಗ ಎಂಬ ಮಾತೇ ಇಲ್ಲ. ಸ್ಪಂಜುಗಳಲ್ಲಿ ಹಲವು ಬಗೆಯ ಕೋಶಗಳಿದ್ದರೂ ನಿಜವಾದ ಅಂಗಾಂಶವಿಲ್ಲ. ಹೈಡ್ರಾ ಎಂಬ ಪುಟ್ಟ ನೀರುಪ್ರಾಣಿ ಅಂಗಾಂಶದ ಮಟ್ಟದ್ದು. ಚಪ್ಪಟೆಹುಳುಗಳಲ್ಲಿ ಅಂಗಗಳು ಕಾಣಿಸಿಕೊಳ್ಳುತ್ತವೆ. ಅಸಿಟಾಬುಲೇರಿಯಾ ಎಂಬ ಕಡಲಪಾಚಿ ಹಲವು ಸೆಂಟಿಮೀಟರ್ ಬೆಳೆದು ಕಾಂಡ, ಕೊಡೆ ಇರುವ ಪುಟ್ಟ ಗಿಡದಂತೆ ಕಾಣುತ್ತದೆ. ಆದರೆ ಬೆಳೆಯುವ ಹಂತದಲ್ಲಿ ಅದು ಇಡಿಯಾಗಿ ಒಂದೇ ಕೋಶ.

ಜೀವಿಸಂದಣಿ: ಎಣಿಸುವ ಕ್ರಮ

ಈಗ ಸೂಕ್ಷ್ಮದರ್ಶಕ ಬಿಟ್ಟು ಬಯಲಿಗೆ ಬನ್ನಿ. ನಾಲ್ಕು ಕೋಲು ಕಟ್ಟಿ ಒಳಅಳತೆ 1 ಮೀಟರ್ ಚೌಕವಿರುವ ಒಂದು ಚೌಕಟ್ಟು ಮಾಡಿಕೊಳ್ಳಿ. ಸುಲಭವಾಗಿ ಗುರುತು ಸಿಗುವ ಒಂದೇ ಪ್ರಭೇದದ ಕಳೆಗಿಡ ಆರಿಸಿ. ಬಯಲಿನ ಎರಡು ಬದಿಗಳ ಗುಂಟ ಅಳತೆಪಟ್ಟಿ ಹಾಸಿ, ಚೀಟಿ ಎತ್ತಿ ಬಂದ ಎರಡೆರಡು ಸಂಖ್ಯೆಗಳು ಸೂಚಿಸುವ ಜಾಗದಲ್ಲಿ ಚೌಕಟ್ಟು ಇಡಿ. ಬೆನ್ನು ತಿರುಗಿಸಿ ಚೌಕಟ್ಟು ಎಸೆಯುವ ರೂಢಿ ಕೆಲವೆಡೆ ಇದೆ. ಅದು ಅಪಾಯ, ಮೇಲಾಗಿ ಕೈ ತನಗೆ ಬೇಕಾದತ್ತಲೇ ಎಸೆಯುತ್ತದೆ. ಗಿಡ ದಟ್ಟವಾಗಿರುವ ಕಡೆಯೇ ಇಡುವುದು ಇನ್ನೂ ದೊಡ್ಡ ತಪ್ಪು.

ಚೌಕಟ್ಟಿನ ಗೆರೆಯ ಮೇಲೆ ಬೀಳುವ ಗಿಡಗಳನ್ನು ಏನು ಮಾಡುವುದು? ಮೇಲಿನ ಮತ್ತು ಎಡಗಡೆಯ ಗೆರೆ ಮುಟ್ಟಿದವನ್ನು ಎಣಿಸಿ, ಉಳಿದೆರಡು ಗೆರೆಯವನ್ನು ಬಿಡಿ. ಯಾವ ಎರಡು ಎಂಬುದು ಮುಖ್ಯವಲ್ಲ, ಎಲ್ಲ ಚೌಕಗಳಲ್ಲೂ ಅದೇ ನಿಯಮವಿರಬೇಕು. ಬಯಲು 20 ಮೀಟರ್ ಉದ್ದ, 15 ಮೀಟರ್ ಅಗಲ ಎಂದಿಟ್ಟುಕೊಳ್ಳಿ, 300 ಚದರ ಮೀಟರ್. 10 ಚೌಕಗಳಲ್ಲಿ ಒಟ್ಟು 47 ಗಿಡ ಸಿಕ್ಕರೆ ಸರಾಸರಿ 4.7, ಇಡೀ ಬಯಲಿಗೆ ಅಂದಾಜು 1,410.

ಓಡಾಡುವ ಪ್ರಾಣಿಗಳಿಗೆ ಬೇರೆ ದಾರಿ. 40 ಬಸವನಹುಳುಗಳ ಚಿಪ್ಪಿನ ಮೇಲೆ, ಹಕ್ಕಿಗಳ ಕಣ್ಣಿಗೆ ಬೀಳದಂತೆ, ವಿಷವಿಲ್ಲದ ಬಣ್ಣದ ಸಣ್ಣ ಚುಕ್ಕಿ ಇಟ್ಟು ಹಿಡಿದಲ್ಲೇ ಬಿಡಿ. ಒಂದೆರಡು ದಿನ ಬಿಟ್ಟು 50 ಹಿಡಿದಾಗ 8ರ ಮೇಲೆ ಚುಕ್ಕಿಯಿದ್ದರೆ, 40ನ್ನು 50ರಿಂದ ಗುಣಿಸಿ 8ರಿಂದ ಭಾಗಿಸಿ: 250. ಚುಕ್ಕಿ ಅಳಿಸಿಹೋದರೆ, ಅಥವಾ ಚುಕ್ಕಿಯಿಟ್ಟವು ಹೆಚ್ಚು ಸತ್ತರೆ ಎರಡನೆಯ ಸಲ ಸಿಗುವವು ಕಡಿಮೆಯಾಗಿ ಲೆಕ್ಕ ಏರಿಬಿಡುತ್ತದೆ.

ಒಂದು ಜೀವಿ ಎಂದರೆ ಯಾವುದು ಎಂಬ ಪ್ರಶ್ನೆ ಇಲ್ಲೇ ಕಾಡುವುದು. ರಿಯೋ ಗಿಡವೇ ಬುಡದಿಂದ ಮರಿ ಹೊಡೆದು ಗುಂಪಾಗುತ್ತದೆ. ಹುಲ್ಲು ನೆಲದಡಿಯ ಕಾಂಡದಿಂದ ಹರಡುತ್ತದೆ. ಅಮೆರಿಕದ ಯೂಟಾದಲ್ಲಿ ಪಾಂಡೋ ಎಂದು ಕರೆಯುವ ಆಸ್ಪೆನ್ ತೋಪು ಸುಮಾರು 43 ಹೆಕ್ಟೇರಿನಲ್ಲಿ ಸುಮಾರು 47,000 ಕಾಂಡಗಳಾಗಿ ನಿಂತಿದೆ, ಬೇರು ಮತ್ತು ವಂಶವಾಹಿಯ ಲೆಕ್ಕದಲ್ಲಿ ಅದು ಒಂದೇ ಮರ. ಆದ್ದರಿಂದ ಎಣಿಸಿದ್ದು ಚಿಗುರುಗಳನ್ನೋ ಬುಡಗಳನ್ನೋ ಎಂದು ಟಿಪ್ಪಣಿಯಲ್ಲಿ ಮೊದಲೇ ಬರೆಯಿರಿ.

ಸಮುದಾಯದಿಂದ ಮೇಲಕ್ಕೆ

ಅದೇ 10 ಚೌಕಗಳಲ್ಲಿ ಈ ಸಲ ಎಲ್ಲ ಪ್ರಭೇದಗಳನ್ನೂ ಪಟ್ಟಿ ಮಾಡಿದರೆ ಜೀವಿಸಮುದಾಯದ ಚಿತ್ರ ಸಿಗುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಅ, ಆ, ಇ ಎಂದು ಗುರುತು ಹಾಕಿ ಒಂದೊಂದರ ಎಲೆಯನ್ನು ಕಾಗದದ ನಡುವೆ ಒತ್ತಿಡಿ. ಯಾವುದು ಯಾವುದನ್ನು ತಿನ್ನುತ್ತದೆ, ಯಾವುದರ ನೆರಳಲ್ಲಿ ಯಾವುದು ಬೆಳೆದಿದೆ ಎಂದೂ ಬರೆಯಿರಿ. ಪೈಪೋಟಿ, ಬೇಟೆ, ಪರಾಗಸ್ಪರ್ಶ ಈ ಹಂತದಲ್ಲೇ ಹುಟ್ಟುವ ಸಂಬಂಧಗಳು, ಒಂದೇ ಪ್ರಭೇದವನ್ನು ನೋಡುತ್ತಿದ್ದರೆ ಸಿಗುವುದಿಲ್ಲ.

ಪರಿಸರ ವ್ಯವಸ್ಥೆ ಎನ್ನಬೇಕಾದರೆ ನಿರ್ಜೀವ ಭಾಗವನ್ನೂ ಅಳೆದಿರಬೇಕು. ಈ ಪದವನ್ನು ಸಸ್ಯಶಾಸ್ತ್ರಜ್ಞ ಆರ್ಥರ್ ಟಾನ್ಸ್‌ಲಿ 1935ರಲ್ಲಿ ಬಳಕೆಗೆ ತಂದದ್ದೇ ಜೀವಿಗಳನ್ನೂ ಅವುಗಳ ಭೌತಿಕ ನೆಲೆಯನ್ನೂ ಒಂದಾಗಿ ನೋಡಬೇಕೆಂದು. ಸುಲಭವಾಗಿ ಮಾಡಬಹುದಾದ ಅಳತೆ ಮಣ್ಣಿನ ತೇವ. 50 ಗ್ರಾಂ ಹಸಿಮಣ್ಣನ್ನು ಒಲೆಪೆಟ್ಟಿಗೆಯಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ತೂಗಿ. 41 ಗ್ರಾಂ ಬಂದರೆ ಹೋದ ನೀರು 9 ಗ್ರಾಂ. ಇದು ಹಸಿಮಣ್ಣಿನ ಶೇ 18, ಒಣಮಣ್ಣಿನ ಲೆಕ್ಕಕ್ಕೆ ಶೇ 22. ಯಾವ ಲೆಕ್ಕವೆಂದು ಬರೆಯದೆ ಹೋದರೆ ಇಬ್ಬರ ಅಂಕಿಗಳನ್ನು ಹೋಲಿಸಲಾಗದು.

ಜೀವಗೋಳ, ಅಂದರೆ ಭೂಮಿಯ ಮೇಲೆ ಜೀವವಿರುವ ಎಲ್ಲ ನೆಲೆಗಳ ಒಟ್ಟು, ಎಂಬ ಮಾತನ್ನು ಭೂವಿಜ್ಞಾನಿ ಎಡ್ವರ್ಡ್ ಜೂಸ್ 1875ರಲ್ಲಿ ಕೊಟ್ಟರು. ಸಮುದ್ರದಡಿ ಸುಮಾರು 11 ಕಿಲೋಮೀಟರ್ ಆಳದ ಮರಿಯಾನಾ ಕಂದಕದ ತಳದಲ್ಲೂ ಜೀವವಿದೆ, ಜೀವಗೋಳದ ಕೆಳಗಂಚು ಕನಿಷ್ಠ ಅಷ್ಟು ಆಳ. ಇದನ್ನು ಚೌಕಟ್ಟಿಟ್ಟು ಅಳೆಯಲಾಗದು.

ಹಂತ ಗುರುತಿಸಲು ತಡವರಿಸುವಂತಾದರೆ

ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ. ಇದು ಒಂದೇ ಮೈಯೊಳಗಿನದೋ, ಹಲವು ಮೈಗಳದೋ? ಒಳಗಿನದಾದರೆ, ಎಷ್ಟು ಬಗೆಯ ಅಂಗಾಂಶಗಳಿವೆ? ಹಲವು ಮೈಗಳದಾದರೆ, ಪ್ರಭೇದ ಒಂದೋ ಹೆಚ್ಚೋ, ಮಣ್ಣು ನೀರು ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೋ ಇಲ್ಲವೋ?

ಚರ್ಮವನ್ನು ಹಾಕಿ ನೋಡಿ. ಒಂದೇ ಮೈಯದು, ಅನುಲೇಪಕ, ಸಂಯೋಜಕ, ಸ್ನಾಯು, ನರ ಎಲ್ಲ ಅಂಗಾಂಶಗಳೂ ಇವೆ, ಹಾಗಾಗಿ ಅಂಗ. ಕೆರೆಯ ಮೀನುಗಳು ಎಂದರೆ? ಪ್ರಭೇದಗಳು ಹಲವಿರುವುದರಿಂದ ಜೀವಿಸಂದಣಿ ಎನ್ನಲಾಗದು. ಕೆರೆಯ ಎಲ್ಲ ಜೀವಿಗಳೂ ಇಲ್ಲದಿರುವುದರಿಂದ ಪೂರ್ತಿ ಸಮುದಾಯವೂ ಅಲ್ಲ, ಸಮುದಾಯದ ಒಂದು ಭಾಗ. ಕೆರೆ ಎಂದಷ್ಟೇ ಹೇಳಿದರೆ ಪರಿಸರ ವ್ಯವಸ್ಥೆ. ವೈರಸ್ಸಿಗೆ ಕೋಶವೇ ಇಲ್ಲ, ಪ್ರೋಟೀನು ಮತ್ತು ನ್ಯೂಕ್ಲಿಯಿಕ್ ಆಮ್ಲದ ಅಣುಗಳ ಜೋಡಣೆಯಲ್ಲೇ ಅದು ನಿಲ್ಲುತ್ತದೆ. ಕಲ್ಲುಹೂವು ಒಂದು ಜೀವಿಯಂತೆ ಕಾಣುತ್ತದೆ, ಆದರೆ ಶಿಲೀಂಧ್ರ ಮತ್ತು ಪಾಚಿ ಅಥವಾ ಸಯನೋಬ್ಯಾಕ್ಟೀರಿಯಾ ಕೂಡಿ ಬಾಳುವ ಸಹಜೀವನ ಅದು.

ಇನ್ನೊಂದು ಕಡುಕಷ್ಟದ ಉದಾಹರಣೆ ಡಿಕ್ಟಿಯೋಸ್ಟೀಲಿಯಂ ಎಂಬ ಸೂಕ್ಷ್ಮಜೀವಿ. ಮಣ್ಣಿನಲ್ಲಿ ಬಿಡಿಬಿಡಿ ಅಮೀಬಾಗಳಾಗಿ ಬದುಕುವ ಜೀವಿ ಇದು, ಆಗ ಒಂದೊಂದು ಕೋಶವೂ ಒಂದೊಂದು ಜೀವಿ, ಎಲ್ಲ ಸೇರಿ ಜೀವಿಸಂದಣಿ. ಆಹಾರ ಮುಗಿದಾಗ ಅವು ರಾಸಾಯನಿಕ ಸಂಕೇತ ಹೊರಡಿಸಿ, ಒಂದು ಲಕ್ಷದವರೆಗೂ ಕೋಶಗಳು ಒಂದೆಡೆ ಕೂಡಿ, 2ರಿಂದ 4 ಮಿಲಿಮೀಟರ್ ಉದ್ದದ ಗೊಂಡೆಹುಳುವಿನಂತಾಗಿ ತೆವಳುತ್ತವೆ. ಆಮೇಲೆ ಕೆಲವು ಕೋಶಗಳು ಕಾಂಡವಾಗಿ ಸಾಯುತ್ತವೆ, ಉಳಿದವು ಅದರ ತುದಿಯಲ್ಲಿ ಬೀಜಕಗಳಾಗುತ್ತವೆ. ಇದನ್ನು ಯಾವ ಹಂತಕ್ಕೆ ಸೇರಿಸುತ್ತೀರಿ ಎಂದು ಕೇಳಿದರೆ, ಯಾವ ಗಳಿಗೆಯಲ್ಲಿ ಎಂದು ಮರುಪ್ರಶ್ನೆ ಹಾಕಿ. ತೆವಳುವ ಹೊತ್ತಿನಲ್ಲಿ ಬಿಡಿ ಅಮೀಬಾಕ್ಕೆ ಆಗದ ಕೆಲಸವನ್ನು ಆ ಕೂಟ ಮಾಡುತ್ತಿದೆ, ಆ ಗಳಿಗೆಯ ಉತ್ತರವನ್ನು ಅದರಿಂದಲೇ ಬರೆಯಿರಿ.